ಸಮುದ್ರ ಯಾವ ಬದಿಗೆ ಬರ್ತದೆ?

ನಾಲ್ಕು ದಿನ, ಹದಿನಾಲ್ಕು ಜಾಗ, ಒಂದೊಂದಕ್ಕೂ ಒಂದೊಂದು ಬಣ್ಣ. ಮೊನ್ನೆ ಭಾನುವಾರ ಬೆಂಗಳೂರಿನ ಒಂದು ಮನೆಯಲ್ಲಿ ಊಟ ಮುಗಿದ ಮೇಲೆ ಮೊಮ್ಮಗಳ ಗಂಡ ಲ್ಯಾಪ್‌ಟಾಪ್ ತೆರೆದು ಡಿಸೆಂಬರ್ ಪ್ರವಾಸದ ಎಕ್ಸೆಲ್ ಹಾಳೆ ವಿವರಿಸುತ್ತಿದ್ದ. ಹುಬ್ಬಳ್ಳಿ ಮೇಲೆ ಅಂಕೋಲಾಕ್ಕೆ ಇಳಿಯುವುದು, ಕಾರವಾರ ಮುಗಿಸಿ ದಕ್ಷಿಣಕ್ಕೆ ತಿರುಗುವುದು, ಮಂಗಳೂರಿನಿಂದ ಶಿರಾಡಿ ಹತ್ತಿ ಮನೆ. ಎಲ್ಲ ಕೇಳಿಸಿಕೊಂಡ ಅಜ್ಜಿ, ಕುಂದಾಪುರ ಕಡೆಯವರು, ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು: "ಅದೆಲ್ಲ ಸರಿ, ಸಮುದ್ರ ಯಾವ ಬದಿಗೆ ಬರ್ತದೆ?"

ಹುಡುಗ ನಕ್ಕ. "ಪಶ್ಚಿಮಕ್ಕೇ ಅಜ್ಜಿ, ಇನ್ನೆಲ್ಲಿಗೆ ಬರುತ್ತೆ?"

"ದಿಕ್ಕು ನನಗೂ ಗೊತ್ತುಂಟು. ಕಾರಿನ ಯಾವ ಬದಿ?"

ಹಾಳೆಯಲ್ಲಿ ಟೋಲಿಗೆ ಒಂದು ಕಾಲಂ ಇತ್ತು, ಪೆಟ್ರೋಲಿಗೆ ಒಂದಿತ್ತು, ಹೋಟೆಲಿನ ಚೆಕ್‌ಇನ್ ಸಮಯವೂ ಇತ್ತು. ಇದಕ್ಕೆ ಮಾತ್ರ ಕಾಲಂ ಇರಲಿಲ್ಲ. ವಾರವಿಡೀ ಆ ಪ್ರಶ್ನೆ ತಲೆಯಲ್ಲೇ ಕೂತಿದೆ, ಯಾಕೆಂದರೆ ಪ್ರವಾಸದ ಅರ್ಧ ಯೋಜನೆ ಅದರಲ್ಲೇ ಇದೆ.

ನಮ್ಮಲ್ಲಿ ಗಾಡಿ ಓಡುವುದು ರಸ್ತೆಯ ಎಡಕ್ಕೆ. ಮಂಗಳೂರಿನಿಂದ ಕಾರವಾರದತ್ತ, ಅಂದರೆ ಉತ್ತರಕ್ಕೆ ಹೊರಟರೆ ಕಡಲು ಎಡಕ್ಕೆ, ನಮ್ಮದೇ ಪಥದ ಪಕ್ಕಕ್ಕೆ. ದಕ್ಷಿಣಕ್ಕೆ ಹೊರಟರೆ ಅದೇ ಕಡಲು ಡಿವೈಡರ್‌ನ ಆಚೆ, ಎದುರಿನಿಂದ ಬರುವ ಲಾರಿಗಳ ಹಿಂದೆ. ರಾಷ್ಟ್ರೀಯ ಹೆದ್ದಾರಿ 66 ಎರಡೇ ಪಥ ಇದ್ದ ಕಾಲದಲ್ಲಿ ಇದು ದೊಡ್ಡ ವಿಷಯವಾಗಿರಲಿಲ್ಲ. ಈಗ ಬಲಕ್ಕೆ ಕಂಡ ಜಾಗದಲ್ಲಿ ನಿಲ್ಲಬೇಕೆಂದರೆ ಮುಂದಿನ ತೆರವಿನವರೆಗೆ ಹೋಗಿ ಯೂ ಟರ್ನ್ ಹೊಡೆದು ಬರಬೇಕು, ನೋಡಿ ಮುಗಿದ ಮೇಲೆ ಮತ್ತೊಂದು. ನಾಲ್ಕು ಕಡೆ ಹೀಗೆ ಮಾಡಿದರೆ ಸಾಕು, ಐದನೆಯದರ ಹೊತ್ತಿಗೆ "ಬಿಡಿ, ಮುಂದೆ ಇನ್ನೊಂದು ಬೀಚ್ ಇದೆಯಲ್ಲ" ಎನ್ನುವ ದನಿ ಹಿಂದಿನ ಸೀಟಿನಿಂದಲೇ ಬರುತ್ತದೆ. ಬಿಸಿಲಿನ ಲೆಕ್ಕವೂ ಇದೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನದ ಸೂರ್ಯ ನೈಋತ್ಯದಲ್ಲಿರುತ್ತಾನೆ. ದಕ್ಷಿಣಕ್ಕೆ ಹೊರಟವನಿಗೆ ಮೂರು ಗಂಟೆಯ ಮೇಲೆ ಬಿಸಿಲು ಮುಂದಿನ ಗಾಜಿನ ಮೂಲಕ ನೇರ ಕಣ್ಣಿಗೆ. ಉತ್ತರಕ್ಕೆ ಹೊರಟವನಿಗೆ ಅದು ಹಿಂದಿನಿಂದ, ಎಡದಿಂದ.

ಇದೆಲ್ಲಕ್ಕೂ ಸಾಕ್ಷಿ ಬೇಕಾದರೆ ಮರವಂತೆಯೇ ಸಾಕು. ಕುಂದಾಪುರ ದಾಟಿ ಹದಿನೆಂಟು ಕಿಲೋಮೀಟರ್ ಆಸುಪಾಸು, ತ್ರಾಸಿಯ ಮುಂದೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಹೆದ್ದಾರಿಯಲ್ಲಿ ಕೂತೇ ಸಮುದ್ರವನ್ನು ಇಷ್ಟು ಹತ್ತಿರದಿಂದ ನೋಡುವ ಜಾಗ ಈ ದಾರಿಯಲ್ಲಿ ಅಪರೂಪ. ಹೊಸಬರು ಮೋಸಹೋಗುವುದೂ ಇಲ್ಲೇ. ಕರಾವಳಿ ಹೆದ್ದಾರಿ ಎಂದರೆ ಉದ್ದಕ್ಕೂ ಕಡಲು ಕಾಣುತ್ತದೆ ಎಂದುಕೊಂಡು ಬರುತ್ತಾರೆ, ಕಾಣುವುದು ತೆಂಗು, ಫ್ಲೈಓವರ್, ಪೈಪು ಮಾರುವ ಅಂಗಡಿ. ಉಳಿದ ಹೆಚ್ಚಿನ ಕಡೆ ಕಡಲು ಬೇಕೆಂದರೆ ಪಶ್ಚಿಮಕ್ಕೆ ತಿರುಗಿಕೊಳ್ಳಲೇಬೇಕು: ಮುರುಡೇಶ್ವರಕ್ಕೆ ಸುಮಾರು ಎರಡು ಕಿಲೋಮೀಟರ್, ಮಾದನಗೇರಿಯಿಂದ ಗೋಕರ್ಣಕ್ಕೆ ಹತ್ತರಷ್ಟು.

ಮರವಂತೆಯಲ್ಲಿ ಗಾಡಿಯನ್ನು ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಿ ನದಿ ನೋಡಲು ಆಚೆ ಓಡಬೇಡಿ. ಹಿಂದಿನಿಂದ ಬರುವ ಬಸ್ಸಿಗೂ ಕಡಲು ಹೊಸದಲ್ಲ, ನೀವೂ ಹೊಸಬರಲ್ಲ. ಅದು ನಿಧಾನ ಮಾಡುವುದಿಲ್ಲ.

ಸಮಯದ ಕಾಲಂಗೆ ಬರೋಣ. ಮಂಗಳೂರು–ಕಾರವಾರ ಸುಮಾರು 270 ಕಿಲೋಮೀಟರ್, ಮ್ಯಾಪ್ ಐದೂವರೆ ಗಂಟೆ ಎನ್ನುತ್ತದೆ, ಹುಡುಗ ಅದನ್ನೇ ಬರೆದುಕೊಂಡಿದ್ದ. ಆದರೆ ಒಂದು ನಿಲುಗಡೆ ಎಂದರೆ ಹೆದ್ದಾರಿ ಬಿಡುವುದು, ಪಾರ್ಕಿಂಗ್ ಹುಡುಕುವುದು, ನಡೆಯುವುದು, ಕಾಲಿನ ಮರಳು ತೊಳೆಯುವುದು, ಒಬ್ಬರಿಗೆ ಎಳನೀರು, ಇನ್ನೊಬ್ಬರಿಗೆ ಶೌಚಾಲಯ. ಒಂದು ಗಂಟೆಗೆ ಕಡಿಮೆ ಆಗುವುದೇ ಇಲ್ಲ. ಹದಿನಾಲ್ಕು ನಿಲುಗಡೆಗೆ ಹದಿನಾಲ್ಕು ಗಂಟೆ. ಎಕ್ಸೆಲ್ ಮಾಡುವವರ ಹಾಳೆಯಲ್ಲಿ ಯಾರಿಗೂ ಮೂತ್ರ ಬರುವುದಿಲ್ಲ. ಆತನ ಲೆಕ್ಕದಲ್ಲಿ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೂ ಒಂದೇ ಗಂಟೆ. ದೋಣಿ ತುಂಬುವವರೆಗೆ ಕಾಯುವುದು, ಹೋಗಿಬರುವುದು, ಆ ಕಲ್ಲಿನ ಕಂಬಗಳ ನಡುವೆ ಸುತ್ತುವುದು ಸೇರಿದರೆ ಅರ್ಧ ದಿನ. ಮಳೆಗಾಲದಲ್ಲಂತೂ ದೋಣಿಯೇ ಇಲ್ಲ.

ಹಾಗಾಗಿ ಹಾಳೆ ತಲೆಕೆಳಗಾಯಿತು. ಮೊದಲ ದಿನ ಬೆಳಗಿನ ಐದಕ್ಕೆ ಬೆಂಗಳೂರು ಬಿಟ್ಟು ಶಿರಾಡಿ ಇಳಿದು, ಸಂಜೆ ಕಾಪು, ದೀಪಸ್ತಂಭ 1901ರದ್ದು. ರಾತ್ರಿ ಉಡುಪಿ. ಎರಡನೆಯ ದಿನ ನೂರು ಕಿಲೋಮೀಟರ್ ಮಾತ್ರ: ಮರವಂತೆ, ಬೈಂದೂರಿನ ಒತ್ತಿನೆಣೆ ಗುಡ್ಡ, ಮುರುಡೇಶ್ವರ. ಮೂರನೆಯ ದಿನ ಹೊನ್ನಾವರದ ಕಾಸರಕೋಡು, ಮಿರ್ಜಾನ್ ಕೋಟೆ, ಗೋಕರ್ಣ. ನಾಲ್ಕನೆಯ ದಿನ ಅಂಕೋಲಾದಿಂದ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿ. ಕಾರವಾರ ಬಿಟ್ಟುಹೋಯಿತು. ಅಂಕೋಲಾದಿಂದ ಹೋಗಿಬರಲು ಎಪ್ಪತ್ತು ಕಿಲೋಮೀಟರ್, ಅದನ್ನು ಅದೇ ದಿನಕ್ಕೆ ತುರುಕಿದರೆ ಘಟ್ಟ ಕತ್ತಲಲ್ಲಿ. ಹುಡುಗನಿಗೆ ಬೇಸರವಾಯಿತು, ಆಗಲಿ.

ಇದೇ ಹಾಳೆಯನ್ನು ಜುಲೈಗೆ ಎಳೆದುಕೊಂಡು ಹೋಗುವವರೂ ಇದ್ದಾರೆ, "ಮಳೆಯಲ್ಲಿ ಕರಾವಳಿ ಚೆಂದ" ಎಂದು. ಚೆಂದವೇ. ಆದರೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಂದದ್ದು 2024ರ ಜುಲೈ 16ಕ್ಕೆ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದದ್ದು ಅದೇ ವರ್ಷ ಆಗಸ್ಟ್ 7ಕ್ಕೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ. ಆಗ ತಾಟಿಗೆ ಬರುವ ದೊಡ್ಡ ಅಂಜಲ್ ಮೀನು ಐಸಿನದೇ ಇರಬಹುದು.

ಡಿಸೆಂಬರ್‌ನ ಕಡಲೂ ಸಾಧುವಲ್ಲ. ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿದ್ದು 2024ರ ಡಿಸೆಂಬರ್‌ನಲ್ಲೇ. ಎರಡು ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿದೆಯೆಂದರೆ ಮಕ್ಕಳನ್ನು ಅಲ್ಲಿಗೇ ಇಳಿಸುತ್ತಾರೆ. ದಡಕ್ಕೆ ಬಂದ ನೀರು ಕಡಲಿಗೆ ಮರಳುವುದು ಅಂಥ ಪಟ್ಟಿಯಲ್ಲೇ. ಸಿಕ್ಕಿಕೊಂಡರೆ ದಡದತ್ತ ಅಲ್ಲ, ದಡಕ್ಕೆ ಸಮಾನಾಂತರವಾಗಿ ಈಜಬೇಕು, ಸೆಳೆತ ತಪ್ಪಿದ ಮೇಲೆ ತಿರುಗಬೇಕು. ಈಜು ಬಾರದವರಿಗೆ ಮೊಣಕಾಲು ಮಟ್ಟವೇ ಗಡಿ.

ಕಾರನ್ನೂ ಮರಳಿಗೆ ಇಳಿಸಬೇಡಿ. ಒಣಮರಳಿನಲ್ಲಿ ಹೂತರೆ ಎಲ್ಲರೂ ಆಕ್ಸಿಲರೇಟರ್ ಒತ್ತುತ್ತಾರೆ, ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಟೈರಿನ ಗಾಳಿಯನ್ನು 32ರಿಂದ 18 ಪಿಎಸ್‌ಐಗೆ ಇಳಿಸಿ, ಮುಂದಿನ ಮರಳು ಕೆದರಿ, ಎಳೆಯುವ ಚಕ್ರಗಳ ಕೆಳಗೆ ಮ್ಯಾಟ್ ಹಾಸಿ, ಕಡಿಮೆ ರೇಸಿನಲ್ಲಿ ಎತ್ತಬೇಕು. ಹೆದ್ದಾರಿಯಲ್ಲಿ ವೇಗ ಹಿಡಿಯುವ ಮೊದಲು ಮತ್ತೆ ಗಾಳಿ ತುಂಬಿಸಬೇಕು. ಮನೆಗೆ ಬಂದ ಮೇಲೆ ಗಾಡಿಯ ಅಡಿಭಾಗಕ್ಕೂ ನೀರು ಹೊಡೆಸಿ, ಉಪ್ಪು ಕೂರುವುದು ಅಲ್ಲೇ.

ಗುರುವಾರ ಹೊಸ ಹಾಳೆ ಬಂತು. ಮೊಟ್ಟಮೊದಲ ಕಾಲಂನಲ್ಲಿ "ಕಡಲು: ಎಡಕ್ಕೆ" ಎಂದಿತ್ತು, ಅದರ ಕೆಳಗೆ "ಮುಂದಿನ ಎಡ ಸೀಟು: ಅಜ್ಜಿ". ಓದಿ ಹೇಳಿದಾಗ ಅವರು ತಲೆಯಾಡಿಸಿದರು.

"ಆಯ್ತು. ನನಗೆ ಗಾಡಿ ಹತ್ತಿದ ಕೂಡಲೇ ನಿದ್ದೆ ಬರ್ತದೆ. ತ್ರಾಸಿ ಬಂದಾಗ ಎಬ್ಬಿಸಿ."