ಕಡಿಮೆ ಖರ್ಚಿನಲ್ಲಿ ಗೆದ್ದ ಸಂಸದರು ಎಂದು ನಾನು ಬರೆದಿದ್ದೆ

ಸಂಸದರ ಪರಿಚಯ ಪುಟಗಳನ್ನು ಬರೆಯುವುದು ನನ್ನ ಕೆಲಸ. ಅವರು ಯಾರು, ಮೊದಲು ಏನು ಮಾಡುತ್ತಿದ್ದರು, ಲೋಕಸಭೆಯಲ್ಲಿ ಏನು ಕೇಳಿದರು, ಚುನಾವಣೆಗೆ ಹಣ ಎಲ್ಲಿಂದ ಬಂತು, ಇಷ್ಟನ್ನು ಮತದಾರರಿಗೆ ಅರ್ಥವಾಗುವ ಹಾಗೆ ಒಂದು ಪುಟದಲ್ಲಿ ಹೇಳಬೇಕು. 2024ರ ಚುನಾವಣೆ ಮುಗಿದ ಮೇಲೆ ಕೆಲಸ ಒಮ್ಮೆಲೇ ಜಾಸ್ತಿ ಆಯಿತು. 543 ಜನರಲ್ಲಿ 280 ಮಂದಿ ಮೊದಲ ಸಲ ಗೆದ್ದು ಬಂದವರು. ಹಳಬರ ಪುಟಕ್ಕೆ ನಾಲ್ಕು ಸಾಲು ಸೇರಿಸಿದರೆ ಸಾಕು, ಹೊಸಬರದ್ದು ಖಾಲಿ ಹಾಳೆ.

ಅಂಥ ಒಬ್ಬ ಹೊಸ ಸಂಸದರ ಪುಟದಲ್ಲಿ ತಪ್ಪು ಮಾಡಿದೆ. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ, ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾಗಲಿ ಅಂತ.

ಅವರ ಚುನಾವಣಾ ಖರ್ಚಿನ ಲೆಕ್ಕ ಕೈಗೆ ಸಿಕ್ಕಿತ್ತು. ಕರ್ನಾಟಕದಂಥ ರಾಜ್ಯದಲ್ಲಿ ಲೋಕಸಭೆಗೆ ನಿಂತವರು 95 ಲಕ್ಷ ರೂಪಾಯಿವರೆಗೆ ಖರ್ಚು ಮಾಡಬಹುದು. 2019ರ ಚುನಾವಣೆಯಲ್ಲಿ ಈ ಮಿತಿ 70 ಲಕ್ಷ ಇತ್ತು. ಇವರ ಲೆಕ್ಕ ಮಿತಿಗಿಂತ ತುಂಬಾ ಕೆಳಗೆ ನಿಂತಿತ್ತು. ನನಗೆ ನಿಜಕ್ಕೂ ಖುಷಿಯಾಯಿತು. ದುಡ್ಡು ಸುರಿಯದೆಯೂ ಗೆಲ್ಲಬಹುದು ಅಂತ ತೋರಿಸಲು ಒಂದು ಉದಾಹರಣೆ ಸಿಕ್ಕಿತು ಅಂದುಕೊಂಡು, "ಕಡಿಮೆ ಖರ್ಚಿನಲ್ಲಿ ಗೆದ್ದ ಸಂಸದರು" ಎಂದು ತಲೆಬರಹ ಕೊಟ್ಟೆ.

ಎರಡು ದಿನ ಬಿಟ್ಟು ಒಬ್ಬರು ಹಿರಿಯರು ಫೋನ್ ಮಾಡಿದರು. ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು, ಹಲವು ಚುನಾವಣೆಗಳಲ್ಲಿ ಅಭ್ಯರ್ಥಿಗಳ ಖರ್ಚು ನೋಡಿಕೊಳ್ಳುವ ಡ್ಯೂಟಿ ಮಾಡಿದವರು. "ಚೆನ್ನಾಗಿ ಬರೆದಿದ್ದೀಯಮ್ಮಾ. ಆದ್ರೆ ಹೆಲಿಕಾಪ್ಟರ್ ಎಲ್ಲಿ ಹೋಯ್ತು?" ಅಂದರು.

ನನಗೆ ಅರ್ಥ ಆಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಪಕ್ಷದ ಸ್ಟಾರ್ ಪ್ರಚಾರಕರು ಊರೂರಿಗೆ ಓಡಾಡುವ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಜನಪ್ರತಿನಿಧಿ ಕಾಯ್ದೆಯ 77ನೇ ಸೆಕ್ಷನ್ನಲ್ಲೇ ಹಾಗಿದೆ. ಮಾನ್ಯತೆ ಪಡೆದ ಪಕ್ಷ ಅಂಥ 40 ಜನರ ಪಟ್ಟಿ ಕೊಡಬಹುದು. ಅವರು ಬಂದ ಸಭೆಯಲ್ಲಿ ಅಭ್ಯರ್ಥಿ ವೇದಿಕೆ ಹತ್ತಿದರೆ ಅಥವಾ ಅಭ್ಯರ್ಥಿಯ ಹೆಸರು, ಫೋಟೊ ಹಾಕಿದ್ದರೆ ಆ ಸಭೆಯ ಖರ್ಚು ಅಭ್ಯರ್ಥಿಗೆ ಬೀಳುತ್ತದೆ, ಆದರೆ ಹೆಲಿಕಾಪ್ಟರ್ ಬಾಡಿಗೆ ಪಕ್ಷದ್ದೇ. ಪಕ್ಷ ಎಷ್ಟು ಖರ್ಚು ಮಾಡಬಹುದು ಅನ್ನುವುದಕ್ಕೆ ನಮ್ಮಲ್ಲಿ ಮಿತಿಯೇ ಇಲ್ಲ. ಕ್ಷೇತ್ರದ ಹೆಸರೆತ್ತದೆ ಪಕ್ಷಕ್ಕೆ ಮತ ಹಾಕಿ ಅಂತ ಕೇಳುವ ಜಾಹೀರಾತೂ ಪಕ್ಷದ ಲೆಕ್ಕಕ್ಕೇ ಹೋಗುತ್ತದೆ.

ಇನ್ನೊಂದು ವಿಷಯವನ್ನೂ ಅವರೇ ಹೇಳಿದ್ದು. ಅಭ್ಯರ್ಥಿಯ ಲೆಕ್ಕ ಶುರುವಾಗುವುದೇ ನಾಮಪತ್ರ ಸಲ್ಲಿಸಿದ ದಿನದಿಂದ, ಮುಗಿಯುವುದು ಫಲಿತಾಂಶದ ದಿನ. 2024ರಲ್ಲಿ ನಮ್ಮಲ್ಲಿ ಏಪ್ರಿಲ್ 26 ಮತ್ತು ಮೇ 7ಕ್ಕೆ ಮತದಾನ, ಜೂನ್ 4ಕ್ಕೆ ಫಲಿತಾಂಶ. ಹೆಚ್ಚುಕಡಿಮೆ ಎರಡು ತಿಂಗಳ ಲೆಕ್ಕ ಅಷ್ಟೆ. ಟಿಕೆಟ್‌ಗಾಗಿ ಓಡಾಡಿದ್ದು, ಅದಕ್ಕೂ ಮೊದಲು ವರ್ಷಗಟ್ಟಲೆ ಕ್ಷೇತ್ರ ಸುತ್ತಿದ್ದು, ಅದ್ಯಾವುದೂ ಇದರೊಳಗೆ ಬರುವುದಿಲ್ಲ. ಮೊದಲ ಸಲ ನಿಲ್ಲುವವರಿಗೆ ಹೆಚ್ಚು ಖರ್ಚಾಗುವುದು ಆಗಲೇ ಅಲ್ವಾ, ಅವರ ಮುಖವೇ ಜನಕ್ಕೆ ಗೊತ್ತಿರುವುದಿಲ್ಲ.

ಆ ಲೆಕ್ಕ ಸುಳ್ಳಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಆ ಸಂಸದರು ಕಾನೂನು ಕೇಳಿದ್ದನ್ನು ಫಲಿತಾಂಶ ಬಂದ 30 ದಿನದೊಳಗೆ ಕೊಟ್ಟಿದ್ದರು. ಅಭ್ಯರ್ಥಿ ಮಿತಿ ಮೀರಿದರಾ ಅಂತ ಚುನಾವಣಾ ಆಯೋಗ ನೋಡುವುದಕ್ಕೆ ಮಾಡಿದ ಕಾಗದ ಅದು. ಗೆಲುವಿಗೆ ಒಟ್ಟು ಎಷ್ಟು ಖರ್ಚಾಯಿತು ಎಂದು ನಾನು ಅದನ್ನೇ ಹಿಡಿದು ಕೇಳಿದೆ, ಅದರಲ್ಲಿ ಇಲ್ಲದ ಉತ್ತರವನ್ನು ನಾನೇ ಬರೆದುಕೊಂಡೆ. ಓದಿದವರು ಅದನ್ನು ನಂಬಿದರು. ನನಗೆ ಇವತ್ತಿಗೂ ಬೇಸರ ಇರುವುದು ಅದಕ್ಕೇ.

ಫೋನ್ ಇಡುವ ಮೊದಲು ಅವರು, "ಒಟ್ಟು ಮೊತ್ತ ಬಿಡಮ್ಮಾ, ಒಳಗಿನ ಹಾಳೆ ನೋಡು" ಅಂದರು. ದಿನವಹಿ ಲೆಕ್ಕ ಬಿಳಿ ಹಾಳೆಯಲ್ಲಿ, ನಗದು ಗುಲಾಬಿ ಹಾಳೆಯಲ್ಲಿ, ಬ್ಯಾಂಕ್ ಲೆಕ್ಕ ಹಳದಿ ಹಾಳೆಯಲ್ಲಿ. ಪ್ರಚಾರದ ನಡುವೆ ಮೂರು ಸಲವಾದರೂ ಅಧಿಕಾರಿಗಳು ಇದನ್ನು ತಮ್ಮ ಹತ್ತಿರ ಇರುವ ಲೆಕ್ಕದ ಜೊತೆ ತಾಳೆ ನೋಡುತ್ತಾರೆ. ಕೊನೆಗೆ ಸಲ್ಲಿಸುವ ಸಾರಾಂಶದಲ್ಲಿ ಹಣ ಬಂದ ದಾರಿ ಬೇರೆ ಬೇರೆಯಾಗಿ ಇರುತ್ತದೆ: ಸ್ವಂತದ್ದು ಎಷ್ಟು, ಪಕ್ಷ ಕೊಟ್ಟಿದ್ದು ಎಷ್ಟು, ಬೇರೆಯವರ ಸಾಲ, ದೇಣಿಗೆ ಎಷ್ಟು. ನಾನು ಒಟ್ಟು ಮೊತ್ತ ನೋಡಿ ಎದ್ದುಬಿಟ್ಟಿದ್ದೆ. ನಿಜವಾಗಿ ಬರೆಯಬೇಕಾದ ವಿಷಯ ಆ ಒಳಹಾಳೆಯಲ್ಲಿತ್ತು, ಯಾಕಂದರೆ ಇವರ ಖರ್ಚಿನ ದೊಡ್ಡ ಪಾಲು ಪಕ್ಷದಿಂದಲೇ ಬಂದಿತ್ತು.

ಪಕ್ಷಕ್ಕೆ ಯಾರು ಕೊಟ್ಟರು? ಇಲ್ಲಿ ದಾರಿ ಕಟ್ ಆಗುತ್ತದೆ. 20,000 ರೂಪಾಯಿ ದಾಟಿದ ದೇಣಿಗೆಗಳ ಪಟ್ಟಿಯನ್ನು ಪಕ್ಷ ಆಯೋಗಕ್ಕೆ ಕೊಡುತ್ತದೆ. ಹೆಸರು ಹೊರಗೆ ಬಾರದ ಹಾಗೆ ಪಕ್ಷಕ್ಕೆ ದೇಣಿಗೆ ಕೊಡಲು ಇದ್ದ ಚುನಾವಣಾ ಬಾಂಡ್‌ಗಳನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ರದ್ದು ಮಾಡಿತು, ಮಾರ್ಚ್‌ನಲ್ಲಿ ಯಾರು ಕೊಂಡರು, ಯಾವ ಪಕ್ಷ ನಗದು ಮಾಡಿಕೊಂಡಿತು ಅನ್ನುವ ಪಟ್ಟಿಯೂ ಹೊರಬಂತು. ಆದರೆ ಇಂಥ ಕಂಪನಿಯ ದುಡ್ಡು ಇಂಥ ಅಭ್ಯರ್ಥಿಗೆ ತಲುಪಿತು ಅಂತ ಇವುಗಳಿಂದ ಹೇಳಲು ಆಗುವುದಿಲ್ಲ. ಹಾಗಾಗಿ ಈಗ ಪುಟದಲ್ಲಿ "ಪಕ್ಷದಿಂದ" ಎಂದು ಬರೆದು ಅಲ್ಲಿಗೇ ನಿಲ್ಲಿಸುತ್ತೇನೆ. ಊಹೆ ಸೇರಿಸುವುದಿಲ್ಲ.

ಹಿನ್ನೆಲೆಯ ಭಾಗ ಇಷ್ಟು ಕಷ್ಟ ಅಲ್ಲ. ನಾಮಪತ್ರದ ಜೊತೆ ಕೊಡುವ ಫಾರ್ಮ್ 26 ಅಫಿಡವಿಟ್‌ನಲ್ಲಿ ಓದು, ಉದ್ಯೋಗ, ಆಸ್ತಿ, ಸಾಲ, ಕೇಸುಗಳು, ಐದು ವರ್ಷದ ಆದಾಯ ಎಲ್ಲ ಇರುತ್ತದೆ. ಆದರೆ ಅದು ಅವರೇ ಹೇಳಿಕೊಂಡದ್ದು, ಅದಕ್ಕೆ "ಅಫಿಡವಿಟ್ ಪ್ರಕಾರ" ಅನ್ನುವ ಎರಡು ಪದ ಬಿಡಬಾರದು. ಮತ್ತೆ, ಕೇಸು ಬಾಕಿ ಇರುವುದು ಬೇರೆ, ಶಿಕ್ಷೆ ಆಗಿರುವುದು ಬೇರೆ. ಎರಡಕ್ಕೂ ಅದರಲ್ಲಿ ಬೇರೆ ಬೇರೆ ಜಾಗ ಇದೆ.

ಈ ತಪ್ಪಾದ ಮೇಲೆ ಸಂಸತ್ತಿನ ಕೆಲಸದ ಭಾಗವನ್ನೂ ಮತ್ತೆ ತೆಗೆದು ನೋಡಿದೆ. ಅಲ್ಲೂ ಸುಮ್ನೆ ಪ್ರಶ್ನೆಗಳ ಸಂಖ್ಯೆ ಹಾಕಿ ರಾಜ್ಯದ ಸರಾಸರಿ ಜೊತೆ ಹೋಲಿಸಿದ್ದೆ. ಲೋಕಸಭೆಯಲ್ಲಿ ಒಂದು ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ (ಮಂತ್ರಿ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸುವಂಥದ್ದು) 20, ಚುಕ್ಕೆರಹಿತ ಪ್ರಶ್ನೆ (ಲಿಖಿತ ಉತ್ತರ ಬರುವಂಥದ್ದು) 230. ಸದಸ್ಯರು ನೋಟಿಸ್ ಕೊಡುತ್ತಾರೆ, ಯಾರ ಪ್ರಶ್ನೆ ಮೊದಲು ಅನ್ನುವುದನ್ನು ಲಾಟರಿ ತೀರ್ಮಾನಿಸುತ್ತದೆ. ಚುಕ್ಕೆ ಗುರುತಿನ ಪ್ರಶ್ನೆ ಕಡಿಮೆ ಇದೆ ಅಂದರೆ ಅವರು ಕೇಳಲಿಲ್ಲ ಅಂತ ಅಲ್ಲ. ಮಂತ್ರಿಗಳು ಪ್ರಶ್ನೆ ಕೇಳುವುದಿಲ್ಲ, ಹಾಜರಿ ಪುಸ್ತಕಕ್ಕೆ ಸಹಿಯನ್ನೂ ಹಾಕುವುದಿಲ್ಲ, ಅವರನ್ನು ಸರಾಸರಿಯಲ್ಲಿ ಸೇರಿಸಿದರೆ ಲೆಕ್ಕವೇ ಕೆಡುತ್ತದೆ. ಖಾಸಗಿ ಮಸೂದೆ, ಅಂದರೆ ಮಂತ್ರಿಯಲ್ಲದ ಸದಸ್ಯರು ತರುವ ಮಸೂದೆ, ಮಂಡಿಸಿದ್ದನ್ನು ಕಾನೂನು ತಂದರು ಅನ್ನುವ ಹಾಗೆ ಬರೆಯುವುದೂ ತಪ್ಪು. ಇಲ್ಲಿಯವರೆಗೆ ಕಾಯ್ದೆಯಾದ ಖಾಸಗಿ ಮಸೂದೆಗಳು 14, ಕೊನೆಯದು 1970ರಲ್ಲಿ.

ಹೊಸ ಸಂಸದರ ನಿಜವಾದ ದುಡಿಮೆ ಎಷ್ಟೋ ಸಲ ಇಲಾಖೆಗಳ ಕೆಲಸ ಪರಿಶೀಲಿಸುವ ಸ್ಥಾಯಿ ಸಮಿತಿಯಲ್ಲಿ ಇರುತ್ತದೆ. 24 ಸಮಿತಿಗಳು, ಒಂದೊಂದರಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಜನ. ಬಾಗಿಲು ಹಾಕಿಕೊಂಡು ಸಭೆ ನಡೆಸುತ್ತಾರೆ, ಟಿವಿಯಲ್ಲಿ ಬರುವುದಿಲ್ಲ. ಆದರೆ ವರದಿಯ ಕೊನೆಯಲ್ಲಿ ನಡಾವಳಿ ಹಾಕಿರುತ್ತಾರೆ, ಅವತ್ತು ಬಂದಿದ್ದವರ ಹೆಸರು ಅದರಲ್ಲಿ ಸಿಗುತ್ತದೆ. ಯಾರೂ ಅಲ್ಲಿವರೆಗೆ ಓದುವುದಿಲ್ಲ, ನಾನೂ ಓದುತ್ತಿರಲಿಲ್ಲ.

ತಲೆಬರಹ ತೆಗೆದೆ. ಏನು ತಪ್ಪಾಗಿತ್ತು ಅನ್ನುವುದನ್ನು ಪುಟದ ಮೇಲ್ಭಾಗದಲ್ಲೇ ಬರೆದೆ, ಕೆಳಗೆ ಸಣ್ಣ ಅಕ್ಷರದಲ್ಲಿ ಅಲ್ಲ. ಆ ಹಿರಿಯರಿಗೆ ಲಿಂಕ್ ಕಳಿಸಿದೆ. ಅವರು ಓದಿ, ಪಕ್ಷ ಕೊಟ್ಟ ಹಣದ ಸಾಲಿನಲ್ಲಿ ನಾನು ತಾರೀಖು ಹಾಕದೆ ಬಿಟ್ಟಿದ್ದನ್ನು ತೋರಿಸಿದರು. ಅದನ್ನೂ ಹಾಕಿದೆ.