ಏಲಂಗೆ ಬಂದ ಬಾಳೆಗೊನೆ

"ಪ್ರಾರ್ಥನೆಗೆ ಇರಲಿ ಅಂತ ಹೇಳಿದ್ದು, ಬೇರೆ ಯಾರಿಗೂ ಹೇಳ್ಬೇಡಿ." ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ ಬೆಳೆದವರಿಗೆಲ್ಲ ಈ ಮಾತು ಗೊತ್ತು. ನಮ್ಮ ನಡುವೆ ಚಾಡಿ ಓಡಾಡುವುದು ಹೆಚ್ಚಾಗಿ ಇದೇ ದಾರಿಯಲ್ಲಿ.

ನಮ್ಮದು ಕರಾವಳಿಯ ಹಳೇ ಸಭೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿಗೆ ಬಂದ ಮೇಲೆ ಈ ಕಡೆ ಹುಟ್ಟಿಕೊಂಡ ಸಭೆಗಳಲ್ಲಿ ಒಂದು. ಅಜ್ಜಂದಿರ ಕಾಲದಿಂದ ಅವೇ ಮನೆತನಗಳು. ಯಾರಿಗಾದರೂ ಕಷ್ಟ ಅಂದರೆ ಆ ಮನೆಗೆ ಬೇಗ ಊಟ ಹೋಗುತ್ತದೆ. ಅಷ್ಟೇ ಬೇಗ ಸುದ್ದಿಯೂ ಹಬ್ಬುತ್ತದೆ.

ಕಳೆದ ಸುಗ್ಗಿ ಹಬ್ಬದ ದಿನ ಆರಾಧನೆ ಮುಗಿದು ಅಂಗಳದಲ್ಲಿ ಏಲಂ ಶುರುವಾಗಿತ್ತು. ತೆಂಗಿನಕಾಯಿ, ಸೌತೆ, ಕುಂಬಳ, ಊರಿನ ಕೋಳಿ, ಮನೆಯಲ್ಲಿ ಮಾಡಿದ ಕೇಕು. ದೇವರಿಗೆ ಕೊಟ್ಟದ್ದು ಅಂತ ಒಂದು ತೆಂಗಿನಕಾಯಿಗೂ ನೂರಿನ್ನೂರು ಕೂಗುತ್ತಾರೆ. ಅಷ್ಟು ಹೊತ್ತಿಗೆ ಒಬ್ಬ ಹುಡುಗ ಬಾಳೆಗೊನೆ ಹೊತ್ತುಕೊಂಡು ಬಂದ. ಕೆಲಸ ಹೋಗಿ, ಕುಡಿತಕ್ಕೆ ಬಿದ್ದು, ಸಭೆಗೆ ಬರುವುದನ್ನೇ ಬಿಟ್ಟಿದ್ದವನು. ಗೊನೆ ಮೇಜಿನ ಮೂಲೆಯಲ್ಲಿಟ್ಟು ಕಾಂಪೌಂಡ್ ಗೋಡೆಯ ಹತ್ತಿರ ಹೋಗಿ ನಿಂತ.

"ಸಾಲದವರು ಮನೆ ಬಾಗಿಲಿಗೇ ಬಂದಿದ್ರಂತೆ." "ಈಗ ನೆನಪಾಯ್ತಾ ದೇವರು?" "ಪಾಪ, ಪ್ರಾರ್ಥನೆ ಮಾಡ್ಬೇಕು." ಎಲ್ಲ ನನ್ನ ಬೆನ್ನ ಹಿಂದೆಯೇ.

ಗೊನೆ ಎತ್ತಿ ಹಿಡಿದರೂ ಯಾರೂ ಕೂಗಲಿಲ್ಲ. ಆಗ ರಿಟೈರ್ಡ್ ಟೀಚರ್ ಒಬ್ಬರು, "ಮುನ್ನೂರು!" ಅಂದರು. ಇನ್ನೊಬ್ಬರು ಮುನ್ನೂರೈವತ್ತು ಅಂದರು. ಟೀಚರ್ ಬಿಡಲಿಲ್ಲ, ಐನೂರಕ್ಕೆ ಅವರೇ ತೆಗೆದುಕೊಂಡರು. ಆಮೇಲೆ ಅವನನ್ನು ಕರೆದರು. "ಬಾ ಮಗಾ, ಇದನ್ನು ರಿಕ್ಷಾದಲ್ಲಿಡು. ಎಷ್ಟು ಚಂದ ಬೆಳೆಸಿದ್ದೀ! ನನಗೊಂದು ಬಾಳೆಕಂದು ಕೊಡ್ತೀಯಾ?"

"ಉಂಟು ಟೀಚರೇ. ಶನಿವಾರ ನಾನೇ ಬಂದು ನೆಟ್ಟು ಕೊಡ್ತೇನೆ."

ಊಟಕ್ಕೆ ಪಕ್ಕದಲ್ಲೇ ಕೂರಿಸಿಕೊಂಡರು. ಹಿಂದೆ ನಿಂತು ಮಾತಾಡಿದವರಲ್ಲೇ ಒಬ್ಬರು ಅವನಿಗೆ ಎರಡನೇ ಸಲ ಸಾರು ಬಡಿಸಿದರು. ನನಗೆ ತುಂಬಾ ಖುಷಿಯಾಯಿತು.

ಬೈಬಲಿನ ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯದಲ್ಲಿ ಸೌಲ, ಅಂದರೆ ಮುಂದೆ ಪೌಲ ಅನ್ನಿಸಿಕೊಂಡವನು, ಯೆರೂಸಲೇಮಿಗೆ ಬಂದಾಗ ಶಿಷ್ಯರೆಲ್ಲ ಅವನಿಗೆ ಹೆದರುತ್ತಾರೆ. ಸುಮ್ನೆ ಹೆದರಿದ್ದಲ್ಲ, ವಿಶ್ವಾಸಿಗಳನ್ನು ಸೆರೆಮನೆಗೆ ಹಾಕಿಸಿದವನು ಅವನು. ಬಾರ್ನಬ ಎಂಬ ವಿಶ್ವಾಸಿ ಅವನನ್ನು ಅಪೊಸ್ತಲರ, ಅಂದರೆ ಯೇಸುವಿನ ಮುಖ್ಯ ಶಿಷ್ಯರ ಹತ್ತಿರ ಕರೆದುಕೊಂಡು ಹೋಗಿ, ಅವನ ಪರವಾಗಿ ತಾನೇ ಮಾತಾಡುತ್ತಾನೆ. ಮುಂದೆ ಪೌಲನೇ ಪ್ರಯಾಣಕ್ಕೆ ಜೊತೆಗೆ ಬೇಡ ಅಂದ ಮಾರ್ಕನನ್ನೂ ಬಾರ್ನಬ ಕೈ ಬಿಡಲಿಲ್ಲ. ಕೊನೆಗೆ ಅದೇ ಪೌಲ ತನ್ನ ಜೊತೆಗಾರ ತಿಮೊಥೆಯನಿಗೆ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯೋಗಕ್ಕೆ ಬರುತ್ತಾನೆ ಅಂತ ಬರೆದ.

ಅಂಗಳದಲ್ಲಿ ಆಡಿದ ಮಾತೂ ಸುಳ್ಳಲ್ಲ. ಸಾಲ ಇದ್ದದ್ದು ನಿಜ, ಕುಡಿತವೂ ನಿಜ. ನಿಜ ಅನ್ನುವ ಒಂದೇ ಕಾರಣಕ್ಕೆ ಊರೆಲ್ಲ ಹೇಳಿಕೊಂಡು ತಿರುಗಬಹುದಾ? ಸಹೋದರ ತಪ್ಪು ಮಾಡಿದರೆ ನೀನು ಹೋಗಿ, ನೀವಿಬ್ಬರೇ ಇರುವಾಗ ಹೇಳು ಅಂತ ಯೇಸು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಕಲಿಸಿದ್ದಾರೆ. ಹಣ ತಿಂದದ್ದು, ಮಕ್ಕಳಿಗೆ ಕೇಡು ಮಾಡಿದ್ದು ಇಂಥದ್ದನ್ನು ಮುಚ್ಚಿಡಬಾರದು, ಹೇಳಬೇಕಾದ ಕಡೆ ಹೇಳಲೇಬೇಕು. ಆದರೆ ನಾವು ಪಿಸುಗುಟ್ಟುವ ಹೆಚ್ಚಿನ ಮಾತು ಆ ಥರದ್ದಲ್ಲ, ಅಲ್ವಾ?

ಟೀಚರ್ ಕುಡಿತದ ವಿಷಯ ಎತ್ತಿದ್ದು ಆ ಶನಿವಾರ, ಕಂದು ನೆಡುವಾಗ, ಅವರಿಬ್ಬರೇ ಇದ್ದಾಗ. ಇಷ್ಟನ್ನು ಅವನೇ ನನಗೆ ಹೇಳಿದ. ಏನು ಹೇಳಿದರು ಅಂತ ನಾನು ಕೇಳಲಿಲ್ಲ. ಈಗಲೂ ಅವನು ಎಲ್ಲ ಭಾನುವಾರ ಬರುವುದಿಲ್ಲ. ಬಾರದ ದಿನ ನಮ್ಮಲ್ಲಿ ಯಾರಾದರೊಬ್ಬರು ಫೋನ್ ಮಾಡಿ, ಊಟ ಆಯ್ತಾ ಅಂತ ಕೇಳುತ್ತೇವೆ.