ಮೊದಲು ಗಾಳಿ, ಆಮೇಲೆ ಹ್ಯಾಂಡ್‌ಬ್ರೇಕ್

ಮಳೆಗಾಲದ ಬೆಳಗಿನ ಜಾವ. ನಾನಾಗ ಅಸಿಸ್ಟೆಂಟ್ ಲೋಕೋ ಪೈಲಟ್, ಅಂದರೆ ರೈಲು ಚಾಲಕನ ಸಹಾಯಕ; ಕೆಲಸಕ್ಕೆ ಹೊಸಬ. ಸಕಲೇಶಪುರದ ಕಡೆಯ ಒಂದು ಯಾರ್ಡಿನಲ್ಲಿ ಅದಿರು ತುಂಬಿದ ಗೂಡ್ಸ್ ಮೂರು ದಿನದಿಂದ ಎಂಜಿನ್ ಇಲ್ಲದೆ ನಿಂತಿತ್ತು. ಅದನ್ನು ಘಾಟ್ ಇಳಿಸಬೇಕಿತ್ತು.

ಎಂಜಿನ್ ಜೋಡಿಸಿದ್ದೇ ತಡ, ನಾನು ಮೊದಲ ವ್ಯಾಗನ್ನಿನ ಹ್ಯಾಂಡ್‌ಬ್ರೇಕ್ ಚಕ್ರಕ್ಕೆ ಕೈ ಹಾಕಿದೆ. ಮೇಲಿನಿಂದ ಪೈಲಟ್ ಸರ್ ಕೂಗಿದರು: "ತಮ್ಮಾ, ಕೈ ತೆಗಿ! ಮೊದಲು ಗಾಳಿ ತುಂಬಲಿ."

ಗೂಡ್ಸ್ ಬ್ರೇಕಿನ ಲೆಕ್ಕ ಉಲ್ಟಾ. ಗಾಡಿಯುದ್ದಕ್ಕೂ ಹೋಗೋ ಪೈಪಿನಲ್ಲಿ ಗಾಳಿ ತುಂಬಿದರೆ ಬ್ರೇಕ್ ಬಿಡುತ್ತದೆ. ಒತ್ತಡ ಇಳಿದರೆ ಪ್ರತಿ ವ್ಯಾಗನ್ನಿನ ಟ್ಯಾಂಕಿನಲ್ಲಿರೋ ಗಾಳಿ ಸಿಲಿಂಡರಿಗೆ ನುಗ್ಗಿ ಬ್ರೇಕ್ ಬ್ಲಾಕನ್ನು ಚಕ್ರಕ್ಕೆ ಒತ್ತುತ್ತದೆ. ಆದರೆ ದಿನಗಟ್ಟಲೆ ನಿಂತ ಗಾಡಿಯಲ್ಲಿ ಆ ಗಾಳಿಯೂ ಸೋರಿ ಹೋಗುತ್ತದೆ. ಆಗ ಗಾಡಿಯನ್ನು ಹಿಡಿದಿರೋದು ಹ್ಯಾಂಡ್‌ಬ್ರೇಕು, ಚಕ್ರದಡಿಯ ಮರದ ತುಂಡು, ಅಷ್ಟೇ. ಮುಂದಿನ ಘಾಟಿನಲ್ಲಿ 50 ಮೀಟರಿಗೆ 1 ಮೀಟರ್ ಇಳಿಜಾರು. ತುಂಬಿದ ಒಂದೊಂದು ವ್ಯಾಗನ್ 80 ಟನ್ ದಾಟುತ್ತದೆ.

ಎಂಜಿನ್ ಗೇಜಿನಲ್ಲಿ ಪೈಪಿನ ಒತ್ತಡ ಚದರ ಸೆಂಟಿಮೀಟರಿಗೆ 5 ಕೆ.ಜಿ.ಗೆ ಬಂತು. ನನಗೆ ಖುಷಿ. ಸರ್ ಮುಖ ಮಾತ್ರ ಗಂಟಾಯಿತು. "ಇಷ್ಟುದ್ದ ಗಾಡಿಗೆ ಇಷ್ಟು ಬೇಗ ಗಾಳಿ ತುಂಬುತ್ತಾ?" ಗಾಡಿಯ ಕೊನೆಯಲ್ಲಿದ್ದ ಗಾರ್ಡ್ ವಾಕಿಟಾಕಿಯಲ್ಲಿ ಹೇಳಿದರು (ಕಾಗದದಲ್ಲಿ ಅವರೀಗ ಟ್ರೈನ್ ಮ್ಯಾನೇಜರ್, ನಮ್ಮ ಬಾಯಲ್ಲಿ ಇನ್ನೂ ಗಾರ್ಡ್): "ಇಲ್ಲಿ ಸೊನ್ನೆ ಸರ್. ಮುಳ್ಳು ಅಲ್ಲಾಡ್ತಾನೇ ಇಲ್ಲ."

ಟಾರ್ಚ್ ಹಿಡಿದು ನಡೆದೆ. ಹನ್ನೊಂದನೇ ವ್ಯಾಗನ್ನಿನ ಹಿಂದಿನ ತುದಿಯಲ್ಲಿ ಆಂಗಲ್ ಕಾಕ್, ಅಂದರೆ ಗಾಳಿ ಪೈಪಿನ ನಲ್ಲಿ, ಅದರ ಹಿಡಿ ಪೈಪಿಗೆ ಅಡ್ಡವಾಗಿ ನಿಂತಿತ್ತು. ಮುಚ್ಚಿದ ಕಾಕ್. ಅಂದರೆ ಎಂಜಿನ್ನಿಗೆ ಸಿಕ್ಕಿದ್ದು ಬರೀ ಹನ್ನೊಂದು ವ್ಯಾಗನ್. ಹಿಂದಿನ ಅಷ್ಟೂ ಗಾಡಿಗೆ ನಮ್ಮ ಬ್ರೇಕ್ ತಲುಪುತ್ತಲೇ ಇರಲಿಲ್ಲ. ಹ್ಯಾಂಡ್‌ಬ್ರೇಕ್ ಹಾಕಿರದ ಪಕ್ಕದ ವ್ಯಾಗನ್ನಿನ ಬ್ಲಾಕನ್ನು ಬೂಟಿನಿಂದ ಒತ್ತಿದೆ. ಸುಮ್ನೆ ತೂಗಾಡಿತು. ಗಾಳಿ ಎಂದೋ ಖಾಲಿ. ಹ್ಯಾಂಡ್‌ಬ್ರೇಕ್ ಬಿಚ್ಚಿಬಿಟ್ಟಿದ್ದರೆ? ಮಳೆಯಲ್ಲೂ ಬೆನ್ನು ಬೆವರಿತು.

2024ರ ಫೆಬ್ರವರಿಯಲ್ಲಿ ಜಮ್ಮುವಿನ ಕಠುವಾದಿಂದ 53 ವ್ಯಾಗನ್ನಿನ ಗೂಡ್ಸ್ ಒಂದು ಚಾಲಕನಿಲ್ಲದೆ ಪಂಜಾಬಿನವರೆಗೆ 70 ಕಿ.ಮೀ.ಗಿಂತ ಜಾಸ್ತಿ ಓಡಿತಲ್ಲ, ಆ ಸುದ್ದಿ ನೋಡಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ತೂಗಾಡುವ ಬ್ಲಾಕೇ.

ಕಾಕನ್ನು ನಿಧಾನವಾಗಿ ತಿರುಗಿಸಿದೆ. 'ಸುಯ್' ಅಂತ ಗಾಳಿ ಹಿಂದಕ್ಕೆ ಓಡಿತು. ಈ ಸಲ ಗಾಳಿ ತುಂಬೋಕೆ ಬಹಳ ಹೊತ್ತು ಹಿಡಿಯಿತು. ಕೊನೆಗೆ ಗಾರ್ಡ್ ಅಂದರು: "4.8." ಸರ್ ಬ್ರೇಕ್ ಹಾಕಿದರು, ಹಿಂದೆ ಮುಳ್ಳು ಇಳಿಯಿತು. ಆಮೇಲೆ ಗಾರ್ಡ್ ತಮ್ಮ ಕಡೆ ಒತ್ತಡ ಇಳಿಸಿದರು, ನಮ್ಮ ಗೇಜೂ ಇಳಿಯಿತು. ನಾನು ಉದ್ದಕ್ಕೂ ನಡೆದು ಬ್ಲಾಕುಗಳನ್ನು ನೋಡಿದೆ. ಎಲ್ಲವೂ ಚಕ್ರವನ್ನು ಕಚ್ಚಿ ಹಿಡಿದಿದ್ದವು.

ಸರ್ ನನ್ನನ್ನು ಬೈಯಲಿಲ್ಲ. ಎಂಜಿನ್ ಬ್ರೇಕ್ ಬಿಗಿ ಮಾಡಿ, ಕಿಟಕಿಯಿಂದ ಕೈ ಬೀಸಿದರು.

"ಈಗ ಬಿಚ್ಚಪ್ಪ."